ನೋವೂ ನಿಜ, ರಿಪೋರ್ಟೂ ನಿಜ

ಪತ್ರದ ಕೆಳಗೆ ‘ಹೆಸರು ಬೇಡ’ ಎಂದು ಬರೆದು ಎರಡು ಗೆರೆ ಎಳೆದಿದ್ದೀರಿ. ಹಾಗೇ ಆಗಲಿ. ಉಳಿದ ಓದುಗರಿಗೆ ವಿಷಯ ಇಷ್ಟು: ನಿಮಗೆ 38. ಟೈಲರಿಂಗ್ ಕೆಲಸ. ಒಂದೂವರೆ ವರ್ಷದಿಂದ ಕಿಬ್ಬೊಟ್ಟೆಯಲ್ಲಿ, ವೃಷಣದ ಹಿಂದೆ ನೋವು. ಮಿಷನ್ ಮುಂದೆ ಕೂತಷ್ಟೂ ಜಾಸ್ತಿ. ವೀರ್ಯ ಹೋದಮೇಲೆ ಉರಿ. ಡಾಕ್ಟರು ಪ್ರಾಸ್ಟಟೈಟಿಸ್ (ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಉರಿಯೂತ) ಎಂದು ಮೂರು ಸಲ ಆಂಟಿಬಯಾಟಿಕ್ ಕೊಟ್ಟರು. ಯೂರಿನ್ ಕಲ್ಚರ್, ಸ್ಕ್ಯಾನಿಂಗ್ ಎಲ್ಲಾ ನಾರ್ಮಲ್. ಕೊನೆಗೆ ‘ಟೆನ್ಷನ್ ಮಾಡ್ಕೋಬೇಡಿ’ ಎಂದು ಕಳಿಸಿದರು. ಈಗ ನೀವು ಸೆಖೆಯ ನೆಪ ಹೇಳಿ ಹಾಲ್‌ನಲ್ಲಿ ಮಲಗುತ್ತೀರಿ. “ಹಾಗಾದ್ರೆ ಈ ನೋವು ನನ್ನ ಭ್ರಮೆಯಾ ಸಾರ್?” ಎಂದು ಕೇಳಿದ್ದೀರಿ.

ಭ್ರಮೆ ಅಲ್ಲ. ನಾನು ಡಾಕ್ಟರಲ್ಲ, ಆದರೂ ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಪ್ರಾಸ್ಟಟೈಟಿಸ್ ಅನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಮೂರನೆಯದು, ರೋಗಾಣು ಸಿಗದೆ ಮೂರು ತಿಂಗಳಿಗೂ ಹೆಚ್ಚು ಕಾಡುವ ನೋವು. ನೂರಕ್ಕೆ ಸುಮಾರು ತೊಂಬತ್ತು ಜನ ಇದೇ ಗುಂಪಿನವರು. ಅಂಥವರ ರಿಪೋರ್ಟ್ ನಾರ್ಮಲ್ಲೇ ಬರುತ್ತದೆ. ರೋಗಾಣುವೇ ಇಲ್ಲದಾಗ ನಾಲ್ಕನೇ ಕೋರ್ಸ್ ಯಾರನ್ನು ಕೊಲ್ಲಬೇಕು? ಎಷ್ಟೋ ಜನರಲ್ಲಿ ತಪ್ಪು ಪ್ರಾಸ್ಟೇಟ್ ಗ್ರಂಥಿಯದೂ ಅಲ್ಲ. ಕಿಬ್ಬೊಟ್ಟೆಯ ಅಂಗಗಳನ್ನು ಕೆಳಗಿನಿಂದ ಜೋಳಿಗೆಯ ಹಾಗೆ ಹಿಡಿದಿರುವ ಸ್ನಾಯುಗಳು ಬಿಗಿದುಕೊಂಡಿರುತ್ತವೆ.

ಈ ನೋವನ್ನು ಅಳೆಯಲು 1999ರಿಂದ ಒಂದು ಪ್ರಶ್ನಾವಳಿ ಬಳಕೆಯಲ್ಲಿದೆ. ಒಟ್ಟು 43 ಅಂಕ. ಅದರಲ್ಲೊಂದು ಪ್ರಶ್ನೆ ನನಗೆ ಹಿಡಿಸಿತು: ಕಳೆದ ವಾರ ಈ ತೊಂದರೆಯ ಬಗ್ಗೆ ಎಷ್ಟು ಯೋಚಿಸಿದಿರಿ? ಅಂದರೆ ಯೋಚನೆಯೂ ಕಾಯಿಲೆಯ ಲೆಕ್ಕಕ್ಕೇ ಬರುತ್ತದೆ. ಸ್ಖಲನದ ನೋವನ್ನೂ ಕೇಳುತ್ತಾರೆ. ಆದರೆ ಆಸೆ ಇದೆಯಾ, ನಿಮಿರುತ್ತದಾ ಎಂದು ಅದರಲ್ಲಿ ಕೇಳಿಲ್ಲ. ನಮ್ಮ ಓಪಿಡಿಗಳಲ್ಲಂತೂ, ಹಿಂದೆ ಹತ್ತು ಜನ ನಿಂತಿರುವಾಗ, ಯಾರು ಕೇಳುತ್ತಾರೆ? ನೀವೇ ಬಾಯಿ ಬಿಡಬೇಕು.

ನಿಮಗೆ ಆಗುತ್ತಿರುವುದು ಬಹುಶಃ ಇದು. ಕಳೆದ ಸಲ ನೋವಾಯಿತು. ಈ ಸಲ ಶುರುವಾಗುವ ಮೊದಲೇ ಹೆದರಿಕೆ. ಹೆದರಿದ ಮೈ ಕೆಳಗಿನ ಸ್ನಾಯುಗಳನ್ನು ಇನ್ನಷ್ಟು ಬಿಗಿಯುತ್ತದೆ, ರಕ್ತನಾಳವನ್ನೂ ಬಿಗಿಯುತ್ತದೆ. ನಿಮಿರುವುದಿಲ್ಲ, ಇಲ್ಲವೇ ಬೇಗ ಮುಗಿದುಹೋಗುತ್ತದೆ. ಆಮೇಲೆ ‘ಗಂಡಸುತನ ಹೋಯ್ತು’ ಎಂದು ರಾತ್ರಿಯೆಲ್ಲ ಕೊರಗು. ಬೆಳಿಗ್ಗೆ ನೋವು ಮತ್ತೆ ಜಾಸ್ತಿ. ಇದರಲ್ಲಿ ಮನಸ್ಸು ಎಲ್ಲಿ ಮುಗಿದು ಮೈ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಆಗಲ್ಲ.

ಸಾಲದ್ದಕ್ಕೆ ನಮ್ಮ ಕಡೆಯ ‘ಧಾತು ಹೋಗುತ್ತೆ’ ಎನ್ನುವ ಭಯ ಬೇರೆ. ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ಇದಕ್ಕೆ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ವೀರ್ಯ ಹೋದರೆ ಶಕ್ತಿ ಸೋರುವುದಿಲ್ಲ. ಇನ್ನೊಂದು ಮಾತು. ಈಗೀಗ ವೀರ್ಯ ಕಡಿಮೆ ಬರುತ್ತಿದೆ ಎಂದು ಗಾಬರಿಯಾಗಿದ್ದೀರಿ. ನೀವು ಬರೆದ ಮಾತ್ರೆಗಳ ಪಟ್ಟಿಯಲ್ಲಿ ಟ್ಯಾಮ್ಸುಲೋಸಿನ್ ಇದೆ, ಮೂತ್ರ ಸರಾಗವಾಗಿ ಹೋಗಲೆಂದು ಕೊಡುವ ಮಾತ್ರೆ. ಅದು ಹಾಗೆ ಮಾಡುತ್ತದೆ, ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇಷ್ಟು ಹೇಳಲು ಡಾಕ್ಟರಿಗೆ ಅರ್ಧ ನಿಮಿಷ ಸಾಕಿತ್ತು. ಸುಮ್ನೆ ನೀವಾಗಿಯೇ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ.

ಯೂರಾಲಜಿಸ್ಟ್ ಜೊತೆಗೆ ಈ ಸ್ನಾಯುಗಳ ಕೆಲಸ ಗೊತ್ತಿರುವ ಫಿಸಿಯೋಥೆರಪಿಸ್ಟ್‌ರನ್ನೂ ನೋಡಿ. ನಿಮಗೆ ಬೇಕಿರುವುದು ಸಡಿಲಿಸುವ ವ್ಯಾಯಾಮ. ಯೂಟ್ಯೂಬ್ ನೋಡಿ ಬಿಗಿಹಿಡಿಯುವ ವ್ಯಾಯಾಮ ಮಾಡಿದರೆ ನೋವು ಹೆಚ್ಚಬಹುದು. ಅರ್ಧ ಗಂಟೆಗೊಮ್ಮೆ ಮಿಷನ್ ಬಿಟ್ಟು ಏಳಿ. ಬಿಸಿನೀರಿನ ಟಬ್‌ನಲ್ಲಿ ಕೂತರೆ ಎಷ್ಟೋ ಜನರಿಗೆ ಹಾಯೆನಿಸುತ್ತದೆ. ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ಮಾತ್ರ ಅವತ್ತೇ ಆಸ್ಪತ್ರೆಗೆ ಹೋಗಿ. ‘ಬದುಕೇ ಬೇಡ ಅನಿಸುತ್ತೆ’ ಎಂದು ಒಂದು ಸಾಲು ಬರೆದು ಹೊಡೆದುಹಾಕಿದ್ದೀರಿ. ನನಗೆ ಕಾಣಿಸಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಇವತ್ತೇ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಮನೆಯವರ ಬಗ್ಗೆ ಒಂದೇ ಸಾಲು ಬರೆದಿದ್ದೀರಿ, ‘ಅವಳಿಗೆ ಏನೂ ಗೊತ್ತಿಲ್ಲ’ ಎಂದು. ಸೆಖೆಯ ನೆಪವನ್ನು ಅವರು ನಂಬಿರುತ್ತಾರಾ? ಚಳಿಗಾಲದಲ್ಲೂ ಹಾಲ್‌ನಲ್ಲೇ ಮಲಗಿದ್ದಿರಲ್ಲ! ತನ್ನ ಮೇಲೆ ಮನಸ್ಸಿಲ್ಲ ಅಂದುಕೊಂಡಿರಬಹುದು. ಇನ್ಯಾರೋ ಇದ್ದಾರೆ ಅಂದುಕೊಂಡಿರಲೂಬಹುದು. “ನಂಗೆ ಅಲ್ಲಿ ನೋವಿದೆ, ನಿಂಗೆ ಅಂಟಲ್ಲ, ನಿನ್ನ ಮೇಲೆ ಬೇಜಾರಿಲ್ಲ” ಎಂದು ಹೇಳಿ ನೋಡಿ. ಈ ರೋಗಾಣುವಿಲ್ಲದ ಬಗೆ ನಿಜಕ್ಕೂ ಅಂಟುವುದಿಲ್ಲ. ಸ್ವಲ್ಪ ದಿನ ಕೂಡುವ ಗೊಡವೆಯೇ ಬೇಡ, ಪಕ್ಕದಲ್ಲಿ ಮಲಗಿದರೆ ಸಾಕು.

ಬಸ್‌ಸ್ಟ್ಯಾಂಡ್ ಗೋಡೆಯಿಂದ ಕಿತ್ತ ‘ಗುಪ್ತರೋಗ’ ತಜ್ಞರ ಚೀಟಿಯನ್ನೂ ಪತ್ರದೊಳಗೆ ಇಟ್ಟು, ಹೋಗಲಾ ಎಂದು ಕೇಳಿದ್ದೀರಿ. ಅಂಥ ಜಾಹೀರಾತನ್ನು ಒಂದು ಕಾಲದಲ್ಲಿ ನಾವೂ ಹಾಕಿದ್ದೇವೆ, ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಹೋಗಬೇಡಿ. ಚೀಟಿ ನನ್ನ ಹತ್ತಿರವೇ ಇದೆ. ವಾಪಸ್ ಕಳಿಸೋಣ ಅಂದರೆ ವಿಳಾಸವೂ ಇಲ್ಲ, ಮನಸ್ಸೂ ಇಲ್ಲ.

– ಸಂ.