ಮನೆಯಂಗಳದ ಕೋಳಿ: ಗೂಡು, ನೀರು, ಕಾವು

ಮುಂಗಾರು ಹಿಡಿಯುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಇಪ್ಪತ್ತು, ಮೂವತ್ತು, ಐವತ್ತು ಕೋಳಿ ಸಾಕುವ ಮನೆಗಳಿಂದಲೇ ಬಂದಿರುತ್ತವೆ. ಪೇಟೆಯ ಸಲಕರಣೆಗಳಿಗೆ ಹಣ ಸುರಿಯದೆ ಗೂಡು, ಮೇವಿನ ದೋಣಿ, ನೀರಿನ ಪಾತ್ರೆಗಳನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ ಎಂಬುದು ಅವರೆಲ್ಲರ ಪ್ರಶ್ನೆ. ಖಂಡಿತ ಮಾಡಿಕೊಳ್ಳಬಹುದು. ಆದರೆ ಮನೆಯಲ್ಲಿ ಯಾವ ಸಾಮಾನು ಉಳಿದಿದೆ ಎಂಬುದನ್ನು ನೋಡಿ ಅಳತೆ ನಿರ್ಧರಿಸಬಾರದು; ಕೋಳಿ ಹೇಗೆ ಕೂರುತ್ತದೆ, ಹೇಗೆ ಕುಡಿಯುತ್ತದೆ, ಎಲ್ಲಿ ಮೊಟ್ಟೆಯಿಡಲು ಬಯಸುತ್ತದೆ ಎಂಬುದನ್ನು ನೋಡಿ ನಿರ್ಧರಿಸಬೇಕು.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಇಪ್ಪತ್ತೈದು ನಾಟಿ ಕೋಳಿಗಳಿವೆ. ಹಗಲು ತೋಟದಲ್ಲಿ ಮೇಯುತ್ತವೆ, ರಾತ್ರಿ ಹಳೆಯ ಕೊಟ್ಟಿಗೆಯ ಮೂಲೆಯಲ್ಲಿ ಕೂರುತ್ತವೆ. ಮಳೆಗಾಲದಲ್ಲಿ ನೆಲವೆಲ್ಲ ಒದ್ದೆಯಾಗಿ ವಾಸನೆ ಬರುತ್ತದೆ, ಕೋಳಿಗಳು ಸೀನುತ್ತವೆ. ಕಡಿಮೆ ಖರ್ಚಿನಲ್ಲಿ ಎಂಥ ಗೂಡು ಕಟ್ಟಬೇಕು?

ಉತ್ತರ: ಮಲೆನಾಡಿನ ಮಳೆಗೆ ನೆಲದ ಮೇಲಿನ ಗೂಡು ಹೊಂದುವುದಿಲ್ಲ, ಕಂಬದ ಮೇಲೆ ಎತ್ತರಿಸಿದ ಗೂಡನ್ನೇ ಕಟ್ಟಿಕೊಳ್ಳಿ. ನೀವು ಹೇಳುವ ವಾಸನೆ ಒದ್ದೆಯಾದ ಹಿಕ್ಕೆಯಿಂದ ಏಳುವ ಅಮೋನಿಯಾದ್ದು. ಅದು ಕೋಳಿಯ ಕಣ್ಣು ಮತ್ತು ಶ್ವಾಸನಾಳವನ್ನು ಕೆಡಿಸಿ ಬೇರೆ ರೋಗಗಳಿಗೆ ದಾರಿ ಮಾಡಿಕೊಡುತ್ತದೆ. ಆದ್ದರಿಂದ ಗೂಡಿನ ಮೊದಲ ಕೆಲಸ ಕೋಳಿಯನ್ನು ಬೆಚ್ಚಗಿಡುವುದಲ್ಲ, ಒಣಗಿದ ಜಾಗದಲ್ಲಿ ಗಾಳಿಯಾಡುವಂತೆ ಇಡುವುದು. ಪುಕ್ಕ ತುಂಬಿದ ಕೋಳಿ ಚಳಿಯನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತದೆ, ತೇವವನ್ನು ತಡೆದುಕೊಳ್ಳುವುದಿಲ್ಲ.

ಹಗಲು ಹೊರಗೆ ಮೇಯುವ ಕೋಳಿಗೆ ರಾತ್ರಿ ತಂಗಲು ತಲಾ ಒಂದರಿಂದ ಒಂದೂವರೆ ಚದರ ಅಡಿ ಜಾಗ ಸಾಕು. ಆರು ಅಡಿ ಉದ್ದ, ಐದು ಅಡಿ ಅಗಲದ ಗೂಡು ನಿಮ್ಮ ಇಪ್ಪತ್ತೈದಕ್ಕೆ ಸರಿಹೋಗುತ್ತದೆ. ಉದ್ದವನ್ನು ಪೂರ್ವ ಪಶ್ಚಿಮಕ್ಕಿಟ್ಟರೆ ಬೇಸಿಗೆಯ ಬಿಸಿಲು ಒಳಗೆ ಹೊಡೆಯುವುದು ಕಡಿಮೆಯಾಗುತ್ತದೆ. ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ ಅಡಿಕೆ ದಬ್ಬೆಗಳನ್ನು ಹಾಸಿ, ಎರಡು ದಬ್ಬೆಗಳ ನಡುವೆ ಒಂದೂವರೆ ಸೆಂಟಿಮೀಟರ್ ಸಂದು ಬಿಡಿ. ಹಿಕ್ಕೆ ಕೆಳಗೆ ಉದುರುತ್ತದೆ, ಕಾಲು ಸಿಕ್ಕಿಕೊಳ್ಳುವುದಿಲ್ಲ. ಎಳೆಯ ಮರಿಗಳನ್ನು ಮಾತ್ರ ಈ ನೆಲದ ಮೇಲೆ ಬಿಡಬೇಡಿ. ಗೋಡೆಯ ಕೆಳಗಿನ ಒಂದು ಅಡಿ ಹಲಗೆಯದ್ದಿರಲಿ, ಅದರ ಮೇಲೆ ಸೂರಿನವರೆಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಜಾಲರಿ ಬಡಿಯಿರಿ. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಷಟ್ಕೋನದ ತೆಳು ಜಾಲರಿ ಕೋಳಿ ಹೊರಹೋಗದಂತೆ ತಡೆಯುತ್ತದೆಯೇ ಹೊರತು ನಾಯಿ ಅಥವಾ ಕಾಡುಬೆಕ್ಕು ಒಳನುಗ್ಗದಂತೆ ತಡೆಯುವುದಿಲ್ಲ. ಖರ್ಚು ಉಳಿಸುವುದಾದರೆ ಬೇರೆ ಎಲ್ಲಾದರೂ ಉಳಿಸಿ, ಜಾಲರಿಯಲ್ಲಿ ಬೇಡ. ಇಲಿ ಮತ್ತು ಹಾವು ಕಂಬ ಹತ್ತದಂತೆ ಪ್ರತಿ ಕಂಬಕ್ಕೂ ಹಳೆಯ ಎಣ್ಣೆ ಡಬ್ಬದ ತಗಡನ್ನು ಕೊಡೆಯಂತೆ ಬಾಗಿಸಿ ಸುತ್ತಿರಿ.

ಮಾಡಿಗೆ ಮಂಗಳೂರು ಹೆಂಚು ಉತ್ತಮ. ತಗಡಾದರೆ ಅದರ ಮೇಲೆ ಸೋಗೆ ಹೊದಿಸಿ. ಸೂರು ಗೋಡೆಯಿಂದ ಎರಡೂವರೆ ಅಡಿಯಾದರೂ ಮುಂದೆ ಚಾಚಿರಬೇಕು, ಏಕೆಂದರೆ ನಿಮ್ಮಲ್ಲಿ ಮಳೆ ಓರೆಯಾಗಿ ಬೀಸುತ್ತದೆ. ಇರಚಲು ಹೊಡೆಯುತ್ತದೆ ಎಂದು ನಾಲ್ಕೂ ಕಡೆ ಪ್ಲಾಸ್ಟಿಕ್ ಹಾಳೆ ಬಿಗಿದು ಕಟ್ಟುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಳಿ ಬರುವ ಒಂದು ಬದಿಗೆ ಮಾತ್ರ ಕೆಳಗಿನಿಂದ ಮುಕ್ಕಾಲು ಎತ್ತರದವರೆಗೆ ಹಾಳೆ ಕಟ್ಟಿ, ಸೂರಿನ ಕೆಳಗಿನ ಭಾಗವನ್ನು ತೆರೆದಿಡಿ.

ಕೋಳಿ ಮರದ ಕೊಂಬೆಯ ಮೇಲೆ ಮಲಗುವ ಹಕ್ಕಿ. ಗೂಡಿನಲ್ಲೂ ಅದಕ್ಕೆ ಅಡ್ಡಗೋಲು ಬೇಕೇ ಬೇಕು. ಐದು ಸೆಂಟಿಮೀಟರ್ ಅಗಲದ, ಅಂಚು ಉಜ್ಜಿ ನಯ ಮಾಡಿದ ಕೋಲುಗಳನ್ನು ಗೂಡಿನ ಉದ್ದಕ್ಕೆ ಇಡಿ. ಒಂದು ಕೋಳಿಗೆ ಇಪ್ಪತ್ತು ಸೆಂಟಿಮೀಟರ್ ಲೆಕ್ಕ ಹಿಡಿದರೆ ನಿಮಗೆ ಐದು ಮೀಟರ್ ಬೇಕು. ಆರು ಅಡಿಯ ಮೂರು ಕೋಲುಗಳಲ್ಲಿ ಅದು ಮುಗಿಯುತ್ತದೆ. ಮೂರನ್ನೂ ಒಂದೇ ಎತ್ತರದಲ್ಲಿಡಿ. ಏಣಿಯಂತೆ ಇಟ್ಟರೆ ಎಲ್ಲ ಕೋಳಿಗಳೂ ಮೇಲಿನದಕ್ಕೇ ಹೊಡೆದಾಡುತ್ತವೆ.

ಗೂಡಿನಡಿ ಬೀಳುವ ಹಿಕ್ಕೆಯನ್ನು ದರಗಿನೊಂದಿಗೆ ಬೆರೆಸಿ, ಚೆನ್ನಾಗಿ ಕಳಿತ ಮೇಲೆಯೇ ಅಡಿಕೆ ಬುಡಕ್ಕೆ ಹಾಕಿ. ಹಸಿ ಹಿಕ್ಕೆ ಬೇರನ್ನು ಸುಡುತ್ತದೆ.

ಪ್ರಶ್ನೆ: ತಟ್ಟೆಯಲ್ಲಿ ನೀರಿಟ್ಟರೆ ಕೋಳಿಗಳು ಅದರೊಳಗೇ ನಿಂತು ಗಲೀಜು ಮಾಡುತ್ತವೆ. ಹಳೆಯ ಬಕೆಟ್‌ನಿಂದ ನೀರಿನ ಪಾತ್ರೆ ಮಾಡಿದೆ, ನೀರೆಲ್ಲ ಹರಿದುಹೋಗುತ್ತದೆ. ಮೇವಿಗಾಗಿ ಪಿವಿಸಿ ಕೊಳವೆ ನಿಲ್ಲಿಸಿದ್ದೇನೆ; ಅದರಲ್ಲಿ ಹಿಟ್ಟು ಕೆಳಗಿಳಿಯುವುದೇ ಇಲ್ಲ. — ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಬಕೆಟ್‌ನ ತೂತು ತಟ್ಟೆಯ ಅಂಚಿಗಿಂತ ಮೇಲೆ ಇರಬೇಕು, ಇಲ್ಲವೇ ಮುಚ್ಚಳದಲ್ಲಿ ಗಾಳಿ ನುಸುಳುತ್ತಿರಬೇಕು, ಈ ಎರಡರ ಹೊರತು ಬೇರೆ ಕಾರಣ ಇರಲಾರದು. ಈ ಪಾತ್ರೆ ಕೆಲಸ ಮಾಡುವ ಬಗೆ ಇಷ್ಟೇ: ತಟ್ಟೆಯ ನೀರು ತೂತನ್ನು ಮುಚ್ಚಿರುವವರೆಗೆ ಬಕೆಟ್‌ನೊಳಗೆ ಹೊಸ ಗಾಳಿ ಹೋಗಲಾರದು, ಗಾಳಿ ಹೋಗದೆ ನೀರು ಹೊರಬರಲಾರದು. ಕೋಳಿ ಕುಡಿದು ಮಟ್ಟ ತೂತಿಗಿಂತ ಕೆಳಗಿಳಿದಾಗ ಒಂದಿಷ್ಟು ಗಾಳಿ ಒಳಹೋಗಿ, ತೂತು ಮತ್ತೆ ಮುಚ್ಚುವಷ್ಟು ನೀರು ಮಾತ್ರ ಹೊರಬರುತ್ತದೆ. ತಟ್ಟೆಯ ಅಂಚು ಐದು ಸೆಂಟಿಮೀಟರ್ ಎತ್ತರವಿದ್ದರೆ, ತಳದಿಂದ ಮೂರು ಸೆಂಟಿಮೀಟರ್ ಮೇಲೆ, ನಿಮ್ಮ ಕಿರುಬೆರಳಿನಷ್ಟು ದಪ್ಪದ ತೂತು ಕೊರೆಯಿರಿ. ಬಿಗಿ ಮುಚ್ಚಳದ ಡಬ್ಬ ಸಿಗದಿದ್ದರೆ ಬಕೆಟ್‌ನ ಬಾಯಿಯ ಅಂಚಿನ ಬಳಿ ಅದೇ ಅಳತೆಯಲ್ಲಿ ತೂತು ಮಾಡಿ, ನೀರು ತುಂಬಿ, ತಟ್ಟೆಯನ್ನು ಮೇಲೆ ಮುಚ್ಚಿ, ಎರಡನ್ನೂ ಒಟ್ಟಿಗೆ ಬೋರಲು ಹಾಕಿ. ಆಗ ಮುಚ್ಚಳದ ಚಿಂತೆಯೇ ಇಲ್ಲ. ತಟ್ಟೆ ಬಕೆಟ್‌ನ ಬಾಯಿಗಿಂತ ಸುತ್ತಲೂ ನಾಲ್ಕೈದು ಸೆಂಟಿಮೀಟರ್ ಮಾತ್ರ ದೊಡ್ಡದಿರಲಿ. ಅಷ್ಟು ಕಿರಿದಾದ ಜಾಗದಲ್ಲಿ ಕೊಕ್ಕು ಹಿಡಿಯುತ್ತದೆ, ಕೋಳಿ ನಿಲ್ಲಲಾರದು. ಇಟ್ಟಿಗೆ ಕೊಟ್ಟು ತಟ್ಟೆಯ ಅಂಚನ್ನು ಕೋಳಿಯ ಬೆನ್ನಿನ ಮಟ್ಟಕ್ಕೆ ಏರಿಸಿ.

ಮೊಟ್ಟೆಯಿಡುವ ಕೋಳಿ ಸಾಮಾನ್ಯ ದಿನಗಳಲ್ಲಿ ಕಾಲು ಲೀಟರ್‌ನಷ್ಟು ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಒಂದು ಮಧ್ಯಾಹ್ನ ನೀರು ತಪ್ಪಿದರೂ ಮೊಟ್ಟೆ ಇಳಿಯುತ್ತದೆ. ಆದ್ದರಿಂದ ಪಾತ್ರೆ ಒಂದರ ಬದಲು ಎರಡಿರಲಿ, ನೆರಳಿನಲ್ಲಿರಲಿ, ಪಾಚಿ ಕಟ್ಟುವ ಮೊದಲೇ ತಿಕ್ಕಿ ತೊಳೆಯಿರಿ.

ನಿಂತ ಕೊಳವೆ ಜೋಳ, ಭತ್ತದಂಥ ಕಾಳಿಗೆ ಅಥವಾ ಗುಳಿಗೆ ಮೇವಿಗೆ ಹೊಂದುತ್ತದೆ. ನುಣುಪು ಹಿಟ್ಟು ಅದರೊಳಗೆ ಕಮಾನು ಕಟ್ಟಿ ನಿಂತುಬಿಡುತ್ತದೆ, ಮಳೆಗಾಲದಲ್ಲಿ ಗಂಟಾಗಿ ಬೂಷ್ಟು ಹಿಡಿಯುತ್ತದೆ. ಹಿಟ್ಟಿಗೆ ಅದೇ ಕೊಳವೆಯನ್ನು ಉದ್ದುದ್ದ ಸೀಳಿ ದೋಣಿ ಮಾಡಿ, ಎರಡು ತುದಿಗೂ ಹಲಗೆ ಬಡಿದು, ಮೇಲೆ ಉದ್ದಕ್ಕೂ ಸಡಿಲವಾಗಿ ತಿರುಗುವ ಒಂದು ಕೋಲು ಇಡಿ. ಕೋಲು ಉರುಳುವುದರಿಂದ ಕೋಳಿ ದೋಣಿಯ ಮೇಲೆ ಹತ್ತಿ ಕೂರುವುದಿಲ್ಲ. ದೋಣಿಯನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ತುಂಬಿದರೆ ಕೊಕ್ಕಿನಿಂದ ಕೆದರಿ ಚೆಲ್ಲುತ್ತವೆ. ಬೂಷ್ಟು ಹಿಡಿದ ಶೇಂಗಾ ಹಿಂಡಿ, ಮುಗ್ಗಿದ ಜೋಳವನ್ನು ಕೋಳಿಗಾದರೂ ಆಗಲಿ ಎಂದು ಹಾಕುವ ಅಭ್ಯಾಸ ಹಲವು ಮನೆಗಳಲ್ಲಿದೆ. ಅದರಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಹಾಳುಮಾಡುತ್ತದೆ, ಕುದಿಸಿದರೂ ಹೋಗುವುದಿಲ್ಲ. ಅಂಥ ಮೇವನ್ನು ಗೊಬ್ಬರದ ಗುಂಡಿಗೆ ಹಾಕಿ.

ಪ್ರಶ್ನೆ: ಐವತ್ತು ಸ್ವರ್ಣಧಾರ ಮರಿ ತಂದಿದ್ದೇವೆ. ಎಲ್‌ಇಡಿ ಬಲ್ಬ್ ಹಾಕಿದರೂ ಮರಿಗಳು ಒಂದರ ಮೇಲೊಂದು ಬಿದ್ದು ಸಾಯುತ್ತಿವೆ. — ಚಿಂತಾಮಣಿ

ಉತ್ತರ: ಎಲ್‌ಇಡಿ ಬೆಳಕು ಕೊಡುತ್ತದೆ, ಮರಿಗೆ ಬೇಕಾದ ಶಾಖ ಕೊಡುವುದಿಲ್ಲ. ಇಂದೇ ಬದಲಿಸಿ. ಹಳೆಯ ತಂತಿಯ ಅರವತ್ತು ವ್ಯಾಟ್ ಬಲ್ಬ್ ಎರಡನ್ನು ಒಂದು ಬಿದಿರು ಮಂಕರಿಯನ್ನು ಬೋರಲು ಹಾಕಿ ಅದರೊಳಗೆ ಇಳಿಬಿಡಿ. ಬಲ್ಬ್ ಮಂಕರಿಗೂ ಹಾಸಿದ ಹೊಟ್ಟಿಗೂ ತಾಗದಂತೆ ಗಟ್ಟಿಯಾಗಿ ಕಟ್ಟಿರಬೇಕು. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಸೆಲ್ಸಿಯಸ್ ಇರಬೇಕು; ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸುತ್ತ ಬನ್ನಿ. ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ: ಬಲ್ಬಿನಡಿ ಗುಂಪುಗೂಡಿ ಕಿರುಚಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಖೆ, ಹರಡಿಕೊಂಡು ಮೇಯುತ್ತಿದ್ದರೆ ಹದ. ಸುತ್ತಲೂ ಒಂದೂವರೆ ಅಡಿ ಎತ್ತರದ ತಗಡನ್ನೋ ರಟ್ಟನ್ನೋ ದುಂಡಗೆ ಕಟ್ಟಿ. ಮೂಲೆಗಳಿದ್ದರೆ ಅಲ್ಲೇ ಒತ್ತಿಕೊಂಡು ಉಸಿರುಗಟ್ಟಿ ಸಾಯುತ್ತವೆ. ಕರೆಂಟ್ ಹೋದಾಗ ಮಣ್ಣಿನ ಕುಂಪಟೆಯಲ್ಲಿ ಕೆಂಡವಿಟ್ಟು ಬೂದಿ ಮುಚ್ಚಿ, ಮರಿ ಮುಟ್ಟದಂತೆ ಜಾಲರಿ ಹಾಕಿ ಇಡಬಹುದು. ಆದರೆ ಕಿಟಕಿ ತೆರೆದಿರಲೇಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಾನಿಲ ಮರಿಗಳನ್ನಷ್ಟೇ ಅಲ್ಲ, ಅಲ್ಲಿ ಮಲಗಿದ ಮನುಷ್ಯರನ್ನೂ ಕೊಲ್ಲುತ್ತದೆ.

ಪ್ರಶ್ನೆ: ಪ್ರತಿವರ್ಷ ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂದು ಊರಿನ ಕೋಳಿಗಳೆಲ್ಲ ಸಾಯುತ್ತವೆ. ಲಸಿಕೆಯ ಸೀಸೆ ನೂರು ಕೋಳಿಗೆ ಆಗುವಷ್ಟಿರುತ್ತದೆ, ನಮ್ಮಲ್ಲಿರುವುದು ಮೂವತ್ತು. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಆಮೇಲೆ ಬಳಸಬಹುದೇ? — ಶಿರಾ ತಾಲ್ಲೂಕು

ಉತ್ತರ: ಬಳಸಬಾರದು. ಕರಗಿಸಿದ ಲಸಿಕೆಯಲ್ಲಿರುವ ಜೀವಂತ ವೈರಾಣು ಒಂದೆರಡು ಗಂಟೆಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಅದರ ಬದಲು ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಒಂದೇ ದಿನ ಗೊತ್ತುಮಾಡಿಕೊಂಡು ಒಂದು ಸೀಸೆಯನ್ನು ಹಂಚಿಕೊಳ್ಳಿ. ಇದು ಬರೀ ಉಳಿತಾಯದ ಮಾತಲ್ಲ: ನಿಮ್ಮ ಕೋಳಿಗೆ ಹಾಕಿ ಪಕ್ಕದ ಮನೆಯದಕ್ಕೆ ಹಾಕದಿದ್ದರೆ ರೋಗ ಆ ಬೀದಿಯಲ್ಲೇ ಉಳಿದಿರುತ್ತದೆ.

ಮರಿಗೆ ಐದರಿಂದ ಏಳು ದಿನವಾದಾಗ ಲಸೋಟ ಲಸಿಕೆಯ ಒಂದು ಹನಿಯನ್ನು ಕಣ್ಣಿಗೆ ಅಥವಾ ಮೂಗಿನ ಹೊಳ್ಳೆಗೆ ಬಿಡಬೇಕು, ನಾಲ್ಕನೆಯ ವಾರದ ಹೊತ್ತಿಗೆ ಮತ್ತೊಮ್ಮೆ ಕೊಡಬೇಕು, ಎಂಟು ವಾರ ತುಂಬಿದ ಮೇಲೆ ಆರ್‌2ಬಿ ಲಸಿಕೆಯನ್ನು ಚುಚ್ಚಿಸಬೇಕು. ಮೊದಲು ಲಸೋಟ ಕೊಡದೆ ನೇರವಾಗಿ ಆರ್‌2ಬಿ ಚುಚ್ಚಿಸಬೇಡಿ. ಅದು ಬಲವಾದ ಲಸಿಕೆ, ಎಳೆಯ ಕೋಳಿಗಳು ತಡೆದುಕೊಳ್ಳುವುದಿಲ್ಲ. ಎರಡನೆಯ ಸಲ ನೀರಿನಲ್ಲಿ ಕೊಡುವುದಾದರೆ ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ. ಬಾವಿಯ ತಂಪು ನೀರಿಗೆ ಲೀಟರಿಗೆ ಐದು ಗ್ರಾಂ ಕೆನೆರಹಿತ ಹಾಲಿನ ಪುಡಿ ಕದಡಿ ಬಳಸಿ; ಅದಕ್ಕೆ ಮೊದಲು ಒಂದೆರಡು ಗಂಟೆ ಕೋಳಿಗಳನ್ನು ಬಾಯಾರಿಸಿರಿ. ಪಶು ಆಸ್ಪತ್ರೆಯಿಂದ ಮನೆಗೆ ಲಸಿಕೆಯನ್ನು ಐಸ್ ಹಾಕಿದ ಥರ್ಮಸ್‌ನಲ್ಲೇ ತನ್ನಿ. ಹಸಿರು ಭೇದಿ, ಏದುಸಿರು, ಕತ್ತು ತಿರುಚುವುದು ಕಾಣಿಸಿಕೊಂಡ ಕೋಳಿಗೆ ಲಸಿಕೆಯಿಂದ ಪ್ರಯೋಜನವಿಲ್ಲ; ಆರೋಗ್ಯವಾಗಿರುವಾಗಲೇ ಹಾಕಿಸಬೇಕು. ಸತ್ತ ಕೋಳಿಗಳನ್ನು ಹಳ್ಳಕ್ಕೋ ಬೇಲಿಗೋ ಎಸೆಯದೆ, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿರಿ. ಒಂದೆರಡು ದಿನಗಳಲ್ಲಿ ಹಲವು ಕೋಳಿಗಳು ಒಟ್ಟಿಗೆ ಸತ್ತರೆ ಹಕ್ಕಿಜ್ವರವೂ ಇರಬಹುದು. ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಿ.

ಪ್ರಶ್ನೆ: ಕೋಳಿಗಳು ತಮ್ಮ ಮೊಟ್ಟೆಯನ್ನು ತಾವೇ ಕುಕ್ಕಿ ತಿನ್ನುತ್ತಿವೆ. — ಬಾಗಲಕೋಟೆ ಜಿಲ್ಲೆ

ಉತ್ತರ: ಚಿಪ್ಪು ತೆಳುವಾಗಿ ಒಡೆದ ಒಂದು ಮೊಟ್ಟೆಯ ರುಚಿಯಿಂದ ಈ ಚಟ ಶುರುವಾಗುತ್ತದೆ. ಕಪ್ಪೆಚಿಪ್ಪಿನ ಅಥವಾ ಸುಣ್ಣಕಲ್ಲಿನ ತರಿಯನ್ನು ಬೇರೆ ಬಟ್ಟಲಲ್ಲಿ ಸದಾ ಇಟ್ಟಿರಿ, ಬೇಕಾದಷ್ಟನ್ನು ಕೋಳಿಯೇ ತಿನ್ನುತ್ತದೆ. ನಾಲ್ಕೈದು ಕೋಳಿಗೆ ಒಂದರಂತೆ, ಒಂದು ಅಡಿ ಉದ್ದಗಲದ ಹಣ್ಣಿನ ಪೆಟ್ಟಿಗೆಯನ್ನು ಗೂಡಿನ ಕತ್ತಲೆಯ ಬದಿಯಲ್ಲಿ, ಮಲಗುವ ಕೋಲಿಗಿಂತ ತಗ್ಗಿನಲ್ಲಿಡಿ. ಮುಂದೆ ಗೋಣಿ ತುಂಡು ಇಳಿಬಿಡಿ. ಒಳಗೆ ಹುಲ್ಲು ದಪ್ಪಗಿರಲಿ. ದಿನಕ್ಕೆ ಎರಡು ಸಲ ಮೊಟ್ಟೆ ತೆಗೆಯಿರಿ.

ಪ್ರಶ್ನೆ: ಗಿರಿರಾಜ ಕೋಳಿ ಕಾವು ಕೂರುವುದಿಲ್ಲ. ಅದರ ಮೊಟ್ಟೆಯನ್ನು ನಾಟಿ ಹ್ಯಾಟೆಯ ಕೆಳಗೆ ಇಡಬಹುದೇ? ಗುಡುಗಿಗೆ ಮೊಟ್ಟೆ ಕೆಡದಂತೆ ಕಬ್ಬಿಣದ ಚೂರು, ಇದ್ದಿಲು ಇಡಬೇಕೆಂದು ನಮ್ಮ ಅಜ್ಜಿ ಹೇಳುತ್ತಾರೆ. — ಮಂಡ್ಯ ಜಿಲ್ಲೆ

ಉತ್ತರ: ಇಟ್ಟರೆ ಮರಿಯಾಗುತ್ತದೆ. ಆದರೆ ಗಿರಿರಾಜ ಹೆಬ್ಬಾಳದಲ್ಲಿ ಬೇರೆ ಬೇರೆ ಸಾಲುಗಳನ್ನು ಕೂಡಿಸಿ ರೂಪಿಸಿದ ತಳಿ. ಅದರ ಮರಿಗಳಲ್ಲಿ ತಾಯಿಯ ಬೆಳವಣಿಗೆ, ಮೊಟ್ಟೆಯ ಪ್ರಮಾಣ ಹಾಗೆಯೇ ಬರುವುದಿಲ್ಲ. ಗಿರಿರಾಜವೇ ಬೇಕಾದರೆ ಪ್ರತಿ ಸಲ ಹೊಸ ಮರಿ ತನ್ನಿ. ಕಾವಿಗೆ ನಾಟಿ ಮೊಟ್ಟೆಯನ್ನೇ ಇಡಿ.

ಕಬ್ಬಿಣದ ಚೂರಿನಿಂದ ಕೆಡುಕೇನಿಲ್ಲ, ಅಜ್ಜಿಯ ಮನಸ್ಸಿಗಾಗಿ ಇಡಿ. ಮಳೆಗಾಲದಲ್ಲಿ ಮೊಟ್ಟೆ ಕೆಡುವುದಕ್ಕೆ ಕಾರಣ ಗುಡುಗಲ್ಲ; ಹಳೆಯ ಮೊಟ್ಟೆ, ತೊಳೆದ ಮೊಟ್ಟೆ, ಒದ್ದೆಯಾದ ಹಾಸು, ಪದೇ ಪದೇ ಎದ್ದುಹೋಗುವ ಹ್ಯಾಟೆ. ಮೊಟ್ಟೆಯನ್ನು ಚೂಪು ತುದಿ ಕೆಳಗೆ ಮಾಡಿ ತಂಪು ಜಾಗದಲ್ಲಿ ಕೂಡಿಡಿ. ವಾರಕ್ಕಿಂತ ಹಳೆಯದು ಬೇಡ, ಬೇಸಿಗೆಯಲ್ಲಿ ನಾಲ್ಕು ದಿನ ದಾಟಿದ್ದೂ ಬೇಡ. ಮಣ್ಣಾಗಿದ್ದರೆ ಒಣ ಬಟ್ಟೆಯಿಂದ ಒರೆಸಿ, ನೀರು ಸೋಕಿಸಬೇಡಿ. ಅಗಲವಾದ ಬುಟ್ಟಿಯಲ್ಲಿ ಒಣ ಮರಳು, ಅದರ ಮೇಲೆ ಹುಲ್ಲು ಹಾಸಿ, ಹ್ಯಾಟೆಯ ಗಾತ್ರ ನೋಡಿಕೊಂಡು ಹತ್ತರಿಂದ ಹದಿಮೂರು ಮೊಟ್ಟೆ ಇಡಿ. ಕೂರಿಸುವ ಮೊದಲು ಅದರ ರೆಕ್ಕೆಯಡಿ ಹೇನಿದೆಯೇ ನೋಡಿ. ಹೇನು ಹತ್ತಿದ ಹ್ಯಾಟೆ ನೆಮ್ಮದಿಯಾಗಿ ಕೂರುವುದಿಲ್ಲ.

ಏಳನೆಯ ರಾತ್ರಿ ಮೊಟ್ಟೆಗಳನ್ನು ಪರೀಕ್ಷಿಸಿ. ರಟ್ಟಿನ ಪೆಟ್ಟಿಗೆಗೆ ಮೂರು ಸೆಂಟಿಮೀಟರ್‌ನ ತೂತು ಮಾಡಿ, ಒಳಗೆ ಟಾರ್ಚ್ ಉರಿಸಿ, ಕತ್ತಲೆಯಲ್ಲಿ ಮೊಟ್ಟೆಯ ಅಗಲ ತುದಿಯನ್ನು ತೂತಿಗೆ ಹಿಡಿಯಿರಿ. ಜೇಡದ ಕಾಲುಗಳಂತೆ ಕೆಂಪು ನರಗಳು ಹರಡಿರುವುದು ಕಂಡರೆ ಮರಿ ಬೆಳೆಯುತ್ತಿದೆ; ಏನೂ ಕಾಣದೆ ತಿಳಿಯಾಗಿದ್ದರೆ ಅದು ಗೊಡ್ಡು ಮೊಟ್ಟೆ, ತೆಗೆದುಬಿಡಿ. ಬಿಟ್ಟರೆ ಕೊಳೆತು ಒಡೆದು ಉಳಿದವನ್ನೂ ಕೆಡಿಸುತ್ತದೆ. ಗೊಡ್ಡು ಮೊಟ್ಟೆಗಳೇ ಹೆಚ್ಚಾದರೆ ಹುಂಜವನ್ನು ಬದಲಿಸಿ. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಇರಬೇಕು. ಹದಿನೆಂಟನೆಯ ದಿನದ ಮೇಲೆ ಮೊಟ್ಟೆ ಮುಟ್ಟಬೇಡಿ. ಇಪ್ಪತ್ತೊಂದನೆಯ ದಿನ ಹೊರಬಂದ ಮರಿಗಳ ಮೈ ಪೂರ್ತಿ ಒಣಗುವವರೆಗೆ ತಾಯಿಯ ಕೆಳಗೇ ಬಿಡಿ. ಹೊಟ್ಟೆಯೊಳಗೆ ಸೇರಿಕೊಂಡ ಹಳದಿ ಲೋಳೆ ಅವಕ್ಕೆ ಮೊದಲ ದಿನದ ಆಹಾರವಾಗುತ್ತದೆ. ಆಮೇಲೆ ಮೊದಲು ನೀರು ಕೊಡಿ, ಅದರ ಹಿಂದೆ ಅಕ್ಕಿ ನುಚ್ಚು ಅಥವಾ ಒಡೆದ ಜೋಳ ಕೊಡಿ. ಎಳೆಯ ಮರಿಗಳು ಮುಳುಗದಂತೆ ನೀರಿನ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನು ತುಂಬಿಡಿ.