ಹತ್ತು ದಿನ, ಇಬ್ಬರು ಪುಟ್ಟ ಮಕ್ಕಳು, ಸ್ಟುಟ್‌ಗಾರ್ಟ್: ಪಟ್ಟಿ ಚಿಕ್ಕದು ಮಾಡಿಕೊಳ್ಳಿ

ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯಲು ಕೂತೆ. ಮೇ ಕೊನೆಯಲ್ಲಿ ಹತ್ತು ದಿನಕ್ಕೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ತಮ್ಮನ ಮನೆಗೆ ಬರುತ್ತಿದ್ದೀರಿ. ಜೊತೆಗೆ ಮೂರು ಮತ್ತು ಆರು ವರ್ಷದ ಮಕ್ಕಳು, ನಿಮ್ಮ ಅತ್ತೆ. ಬರ್ಲಿನ್, ಮ್ಯೂನಿಕ್, ನಾಯ್‌ಶ್ವಾನ್‌ಸ್ಟೈನ್ ಅರಮನೆ, ಯೂರೋಪಾ ಪಾರ್ಕ್ ಅನ್ನುವ ದೊಡ್ಡ ಮನರಂಜನಾ ಪಾರ್ಕ್ ಎಲ್ಲವೂ ಪಟ್ಟಿಯಲ್ಲಿವೆ. ಮಕ್ಕಳು ಇಷ್ಟನ್ನೆಲ್ಲ ತಡೆದುಕೊಳ್ತಾರಾ, ಅವರಿಗೆ ನಿಜಕ್ಕೂ ಖುಷಿಯಾಗುವ ಜಾಗ ಯಾವುದು ಅಂತ ಕೇಳಿದ್ದೀರಿ.

ನಾನು ಒಂಬತ್ತು ವರ್ಷದಿಂದ ಈ ಊರಿನ ಪಕ್ಕದಲ್ಲೇ ಇದ್ದೇನೆ. ನನ್ನ ಇಬ್ಬರು ಮಕ್ಕಳು ಇಲ್ಲೇ ಬೆಳೆಯುತ್ತಿದ್ದಾರೆ. ಊರಿಂದ ಬಂದ ಅಣ್ಣನ ಮಕ್ಕಳನ್ನೂ ಅಮ್ಮನನ್ನೂ ಕರೆದುಕೊಂಡು ಸುತ್ತಿದ್ದೇನೆ. ಹಾಗಾಗಿ ನೇರವಾಗಿ ಹೇಳುತ್ತೇನೆ. ಬರ್ಲಿನ್ ಬಿಟ್ಟುಬಿಡಿ. ರೈಲಿನಲ್ಲೇ ಐದು ಗಂಟೆಯ ಆಸುಪಾಸು, ಕೆಲವು ಸಲ ಇನ್ನೂ ಜಾಸ್ತಿ ಆಗುತ್ತದೆ. ತಮ್ಮನ ಮನೆಯಲ್ಲೇ ಉಳಿದುಕೊಂಡು ದಿನಕ್ಕೆ ಒಂದೇ ಜಾಗಕ್ಕೆ ಹೋಗಿ. ಮಧ್ಯಾಹ್ನದ ಮೇಲೆ ಇನ್ನೊಂದು ಜಾಗ ಇಟ್ಟುಕೊಳ್ಳಬೇಡಿ.

ಅಣ್ಣನ ಮಕ್ಕಳು ಮೊದಲ ಸಲ ಬಂದಾಗ ನಾನೂ ನಿಮ್ಮ ಹಾಗೇ ಉದ್ದ ಪಟ್ಟಿ ಮಾಡಿದ್ದೆ. ಒಂದು ಅರಮನೆಗೆ ಟಿಕೆಟ್ ತೆಗೆದುಕೊಂಡಿದ್ದೆವು. ಕೊಟ್ಟ ಸಮಯಕ್ಕೆ ಸರಿಯಾಗಿ ಒಳಗೆ ಹೋಗಬೇಕು. ಪ್ರ್ಯಾಮ್ ಹೊರಗೇ ಬಿಡಬೇಕು. ನಾಲ್ಕು ವರ್ಷದ ಹುಡುಗಿ ಒಳಗೆ ಹೋದ ಹತ್ತು ನಿಮಿಷಕ್ಕೆ ಎತ್ಕೋ ಅಂತ ಅಳೋಕೆ ಶುರು ಮಾಡಿದಳು. ಗೈಡ್ ಮಾತು ಯಾರಿಗೂ ಕೇಳಿಸಲಿಲ್ಲ. ಹೊರಗೆ ಬಂದಾಗ ಎಲ್ಲರ ಮುಖವೂ ಬಾಡಿತ್ತು.

ಮಾರನೇ ದಿನ ಎಲ್ಲಿಗೂ ಹೋಗುವ ಶಕ್ತಿ ಇರಲಿಲ್ಲ. ಮನೆ ಹಿಂದಿನ ಆಟದ ಜಾಗಕ್ಕೆ ಹೋದೆವು. ಇಲ್ಲಿ ಅದಕ್ಕೆ ಶ್ಪೀಲ್‌ಪ್ಲಾಟ್ಸ್ ಅಂತಾರೆ. ಅಲ್ಲಿ ಮರಳಿನ ಮಧ್ಯೆ ಒಂದು ಕೈಪಂಪು ಇದೆ. ನಮ್ಮ ಹಳ್ಳಿ ಬೋರ್‌ವೆಲ್‌ನದ್ದೇ ಥರ, ಸ್ವಲ್ಪ ಚಿಕ್ಕದು. ಹೊಡೆದರೆ ನೀರು ಮರದ ಕಾಲುವೆಗಳಲ್ಲಿ ಹರಿದು ಮರಳಿಗೆ ಬೀಳುತ್ತದೆ. ಪುಟ್ಟ ಮಕ್ಕಳ ಕೈಗೆ ಅದು ಬಗ್ಗುವುದಿಲ್ಲ. ನಮ್ಮಮ್ಮ ಹಾಸನದ ಹತ್ತಿರದ ಹಳ್ಳಿಯವರು, ಚಿಕ್ಕಂದಿನಿಂದ ಪಂಪು ಹೊಡೆದವರು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರು ಮಾಡಿದರು ನೋಡಿ! ಸುತ್ತ ಇದ್ದ ಜರ್ಮನ್ ಮಕ್ಕಳೆಲ್ಲ ಬಕೆಟ್ ಹಿಡಿದು ಓಡಿ ಬಂದರು. ಅವರು ಕಾಲುವೆ ತೋಡಿದರು, ಅಮ್ಮ ನೀರು ಬಿಟ್ಟರು, ನಮ್ಮ ಮಕ್ಕಳು ಅಣೆಕಟ್ಟು ಕಟ್ಟಿದರು. ಎರಡು ಗಂಟೆ ಯಾರಿಗೂ ಭಾಷೆ ಬೇಕಾಗಲಿಲ್ಲ. ಅಷ್ಟು ದಿನ ಸುಮ್ನೆ ಬೆಂಚಿನ ಮೇಲೆ ಕೂತು ಚಳಿ ಅಂತಿದ್ದ ಅಮ್ಮ, ಮಾರನೇ ದಿನ ತಾವೇ ಮೊದಲು ಚಪ್ಪಲಿ ಹಾಕಿಕೊಂಡು ನಿಂತಿದ್ದರು. ನಿಮ್ಮ ಅತ್ತೆಯವರೂ ಬರುತ್ತಿದ್ದಾರೆ ಅಂತ ಓದಿದಾಗ ನನಗೆ ಮೊದಲು ನೆನಪಾಗಿದ್ದು ಇದೇ.

ಆದ್ದರಿಂದ ಇಲ್ಲಿಗೆ ಬಂದ ಮೊದಲ ದಿನವೇ ಒಂದು ಬಕೆಟ್, ಎರಡು ಪುಟ್ಟ ಸಲಿಕೆ ಕೊಳ್ಳಿ. ಕೆಲವೇ ಯೂರೋ ಆಗುತ್ತದೆ. ಆಟದ ಜಾಗಗಳಿಗೆ ಟಿಕೆಟ್ ಇಲ್ಲ, ಪ್ರತಿ ಬಡಾವಣೆಯಲ್ಲೂ ಒಂದಾದರೂ ಇರುತ್ತದೆ. ಇಲ್ಲಿನ ಮಕ್ಕಳು ಎತ್ತರದ ಹಗ್ಗದ ಬಲೆ ಹತ್ತುವುದನ್ನು ನೋಡಿ ನಿಮಗೆ ಎದೆ ಝಲ್ ಅನ್ನಬಹುದು. ಅಪ್ಪ ಅಮ್ಮಂದಿರು ದೂರ ಕೂತು ನೋಡುತ್ತಾ ಇರುತ್ತಾರೆ. ನಿಮ್ಮ ಆರು ವರ್ಷದವರಿಗೂ ಸ್ವಲ್ಪ ಹತ್ತಲು ಬಿಡಿ. ಕೆಳಗೆ ಮರಳೋ ಮರದ ತೊಗಟೆಯೋ ಹಾಸಿರುತ್ತಾರೆ. ಇನ್ನೊಬ್ಬರ ಆಟಿಕೆ ಮುಟ್ಟುವ ಮೊದಲು "ದಾರ್ಫ್ ಇಷ್?" ಅಂತ ಕೇಳಲು ಕಲಿಸಿ. ತಗೊಳ್ಳಲಾ ಅಂತ ಅರ್ಥ. ಈ ಒಂದು ಮಾತಿಗೆ ಸ್ನೇಹವೇ ಆಗಿಬಿಡುತ್ತದೆ.

ಸ್ಟುಟ್‌ಗಾರ್ಟ್‌ನಲ್ಲೇ ನಾಲ್ಕು ದಿನ ಆರಾಮಾಗಿ ಕಳೆಯಬಹುದು. ವಿಲ್‌ಹೆಲ್ಮಾಕ್ಕೆ ಒಂದು ಪೂರ್ತಿ ದಿನ ಇಡಿ. ಮೃಗಾಲಯ, ಸಸ್ಯೋದ್ಯಾನ ಎರಡೂ ಒಂದೇ ಕಡೆ. ಯು14 ಟ್ರಾಮ್ ಬಾಗಿಲಿಗೇ ಬಿಡುತ್ತದೆ. ಜಾಗ ಗುಡ್ಡದ ಇಳಿಜಾರಿನಲ್ಲಿದೆ, ಹತ್ತುವುದು ಜಾಸ್ತಿ. ಮಕ್ಕಳನ್ನು ಕೂರಿಸಿ ಎಳೆಯುವ ಮರದ ಕೈಗಾಡಿ ಬಾಡಿಗೆಗೆ ಸಿಗುತ್ತದೆ, ಬೊಲರ್‌ವಾಗನ್ ಅಂತ ಹೆಸರು. ಅದನ್ನು ತೆಗೆದುಕೊಳ್ಳಿ. ಗೊರಿಲ್ಲಾಗಳ ಮನೆ ಹತ್ತಿರ ನನ್ನ ಮಕ್ಕಳು ಈಗಲೂ ಅರ್ಧ ಗಂಟೆ ನಿಲ್ಲುತ್ತಾರೆ.

ಯು5 ಟ್ರಾಮಿನ ಕೊನೆಯ ನಿಲ್ದಾಣ ಕಿಲ್ಲೆಸ್‌ಬರ್ಗ್. ಆ ಪಾರ್ಕ್ ನನಗೆ ತುಂಬಾ ಇಷ್ಟ. ಒಳಗೆ ಹೋಗಲು ದುಡ್ಡಿಲ್ಲ. 1939ರಿಂದ ಓಡುತ್ತಿರುವ ಪುಟಾಣಿ ರೈಲು ಇದೆ. ಅದರ ಒಂದು ಉಗಿ ಎಂಜಿನ್ ಹೆಸರು ಟಾಟ್ಸೆಲ್‌ವುರ್ಮ್. ಮೇಕೆ, ಕತ್ತೆ ಇವೆ. ಕಬ್ಬಿಣದ ಹಗ್ಗಗಳಿಂದ ಬಿಗಿದ ವೀಕ್ಷಣಾ ಗೋಪುರ ಇದೆ, ನಲವತ್ತು ಮೀಟರಿಗಿಂತ ಎತ್ತರ. ಜನ ಹತ್ತಿದಾಗ ಅದು ಸ್ವಲ್ಪ ಅಲುಗಾಡುತ್ತದೆ, ಹೆದರಬೇಡಿ. ಅತ್ತೆಯವರು ಕೆಳಗೆ ಹೂವಿನ ಪಾತಿಗಳ ಹತ್ತಿರ ಕೂರಲಿ.

ಇನ್ನೊಂದು ದಿನ ಬರೀ ಗಾಡಿ ಹತ್ತಿ ಇಳಿಯುವುದಕ್ಕೇ ಇಡಿ. ನಿಜವಾಗಿ ಹೇಳ್ತಿದ್ದೇನೆ. ಮರಿಯೆನ್‌ಪ್ಲಾಟ್ಸ್‌ನಿಂದ ದೇಗರ್‌ಲೋಖ್‌ಗೆ ಹಲ್ಲುಚಕ್ರದ ರೈಲು ಹೋಗುತ್ತದೆ. 1884ರಿಂದ ಇದೆ, ಊರಿನವರು ಅದನ್ನು ತ್ಸಾಕೆ ಅಂತಾರೆ. ಮುಂದೆ ಸೈಕಲ್ ಇಡುವ ಸಣ್ಣ ಗಾಡಿಯನ್ನು ತಳ್ಳಿಕೊಂಡು ಗುಡ್ಡ ಹತ್ತುತ್ತದೆ. ಹೆಸ್ಲಾಖ್ ಕಡೆ ಹಗ್ಗದಿಂದ ಎಳೆಯುವ, ತೇಗದ ಮರದ 1929ರ ರೈಲು ಇದೆ. ಎರಡಕ್ಕೂ ಊರೊಳಗಿನ ಮಾಮೂಲಿ ಟಿಕೆಟ್ ಸಾಕು. ಆರು ವರ್ಷ ತುಂಬದ ಮಕ್ಕಳಿಗೆ ಟಿಕೆಟ್ಟೇ ಬೇಡ.

ಲುಡ್ವಿಗ್ಸ್‌ಬುರ್ಗ್ ಬಿಡಲೇಬೇಡಿ. ಎಸ್-ಬಾನ್ ಅನ್ನುವ ಲೋಕಲ್ ರೈಲಿನಲ್ಲಿ ಕಾಲು ಗಂಟೆ. ಅಲ್ಲಿ ದೊಡ್ಡ ಅರಮನೆ ಇದೆ. ನೀವು ಅರಮನೆಯ ತೋಟಕ್ಕೆ ಮಾತ್ರ ಹೋಗಿ. ತೋಟದೊಳಗೆ 1959ರಲ್ಲಿ ಶುರುವಾದ ಕಥೆಗಳ ತೋಟ ಇದೆ, ಮೆರ್ಶನ್‌ಗಾರ್ಟನ್. ಗ್ರಿಮ್ ಸಹೋದರರ ಕಥೆಗಳ ಗೊಂಬೆಗಳು ಅಲ್ಲಲ್ಲಿ ಪುಟ್ಟ ಮನೆಗಳಲ್ಲಿವೆ. ಒಂದು ಗೋಪುರದ ಕೆಳಗೆ ನಿಂತು ಜಡೆ ಇಳಿಸು ಅಂತ ರಪುಂಜೆಲ್‌ಳನ್ನು ಜರ್ಮನ್‌ನಲ್ಲಿ ಕೂಗಬೇಕು. ಮೇಲಿನ ಕಿಟಕಿಯಿಂದ ಉದ್ದ ಜಡೆ ಇಳಿದು ಬರುತ್ತದೆ. ದೋಣಿಯಲ್ಲಿ ಕೂತು ಕಥೆಗಳ ನಡುವೆ ಸಾಗಬಹುದು. ಬರುವ ಮೊದಲು ಆ ಕಥೆಗಳನ್ನು ರಾತ್ರಿ ಮಲಗಿಸುವಾಗ ಕನ್ನಡದಲ್ಲೇ ಹೇಳಿಡಿ. ಕಥೆ ಗೊತ್ತಿದ್ದ ಮಗುವಿಗೂ ಗೊತ್ತಿಲ್ಲದ ಮಗುವಿಗೂ ಅಲ್ಲಿ ತುಂಬಾ ವ್ಯತ್ಯಾಸ ಆಗುತ್ತದೆ.

ದೂರದ ಜಾಗಗಳಲ್ಲಿ ನನ್ನ ಮೊದಲ ಓಟು ಬೋಡನ್‌ಝೇ ಸರೋವರದ ಕಡೆಗೆ. ಕಾರಿನಲ್ಲಿ ಎರಡು ಗಂಟೆಯ ಆಸುಪಾಸು. ಅಲ್ಲಿ ಝಾಲೆಮ್ ಊರಿನ ಪಕ್ಕ ಆಫನ್‌ಬರ್ಗ್ ಇದೆ, ಹೆಸರಿನ ಅರ್ಥವೇ ಕೋತಿ ಬೆಟ್ಟ. ಕಾಡಿನೊಳಗೆ ಸುಮಾರು 200 ಬಾರ್ಬರಿ ಕೋತಿಗಳು ಬಿಡಾಡಿಯಾಗಿ ಓಡಾಡುತ್ತವೆ. ಬಾಗಿಲಲ್ಲೇ ಅವುಗಳಿಗೆ ಅಂತ ಮಾಡಿದ ಪಾಪ್‌ಕಾರ್ನ್ ಕೊಡುತ್ತಾರೆ. ಅಂಗೈ ಚಾಚಿದರೆ ಬೇಲಿಯ ಮೇಲೆ ಕೂತ ಕೋತಿ ಒಂದೊಂದೇ ಕಾಳು ಮೆತ್ತಗೆ ತೆಗೆದುಕೊಳ್ಳುತ್ತದೆ. ಚಾಮುಂಡಿ ಬೆಟ್ಟದಲ್ಲಿ ಬಾಳೆಹಣ್ಣು ಕಿತ್ತುಕೊಂಡು ಓಡುವ ಕೋತಿ ನೋಡಿದ ನಮ್ಮ ಮಕ್ಕಳಿಗೆ ಇದು ನಂಬಲೇ ಆಗುವುದಿಲ್ಲ. ಮುಟ್ಟಬಾರದು, ನಮ್ಮ ತಿಂಡಿ ಹೊರಗೆ ತೆಗೆಯಬಾರದು, ಅಷ್ಟೇ. ಅದೇ ದಿನ ಹೊತ್ತು ಉಳಿದರೆ ಉಂಟರ್‌ಊಲ್ಡಿಂಗನ್‌ನಲ್ಲಿ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳನ್ನು ನೋಡಿ. ಸಾವಿರಾರು ವರ್ಷ ಹಿಂದಿನವರು ಹೀಗೇ ಬದುಕಿದ್ದರು ಅಂತ ತೋರಿಸಲು ಮತ್ತೆ ಕಟ್ಟಿದ ಮನೆಗಳವು. ಹೊತ್ತು ಉಳಿಯದಿದ್ದರೆ ಬೇಡ. ಕೋತಿಗಳೇ ಸಾಕು.

ಕಾರು ಅಂದೆನಲ್ಲ, ಒಂದು ಮಾತು. ಹನ್ನೆರಡು ವರ್ಷದೊಳಗಿನ, 150 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಇಲ್ಲಿ ಮಕ್ಕಳ ಸೀಟು ಕಡ್ಡಾಯ. ತೊಡೆ ಮೇಲೆ ಕೂರಿಸಿಕೊಳ್ಳುವ ಹಾಗೇ ಇಲ್ಲ. ಟ್ಯಾಕ್ಸಿಗೂ ಮೊದಲೇ ಹೇಳಿಡಿ. ಎರಡು ಸೀಟು ಯಾರಿಂದಲಾದರೂ ಕಡ ತೆಗೆದಿಡಲು ತಮ್ಮನಿಗೆ ಈಗಲೇ ಹೇಳಿ.

ಯೂರೋಪಾ ಪಾರ್ಕ್ ಬಗ್ಗೆ: ಜಾಗ ಚೆನ್ನಾಗಿದೆ, ಆರು ವರ್ಷದವರಿಗೆ ಹಬ್ಬ. ನಾಲ್ಕು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಐರ್ಲೆಂಡ್ ಅನ್ನುವ ಭಾಗ ಪೂರಾ ಚಿಕ್ಕವರಿಗೇ ಮಾಡಿದ್ದು. ಆದರೆ ಜಾಗ ತುಂಬಾ ದೊಡ್ಡದು, ಅತ್ತೆಯವರು ಸೋತುಹೋಗುತ್ತಾರೆ. ಒಬ್ಬರು ದೊಡ್ಡ ಮಗುವಿನ ಜೊತೆ ಅಲ್ಲಿಗೆ ಹೋಗಿ, ಇನ್ನೊಬ್ಬರು ಚಿಕ್ಕ ಮಗು, ಅತ್ತೆ ಜೊತೆ ಇಲ್ಲೇ ಉಳಿಯಿರಿ. ಪೆಂಟೆಕೋಸ್ಟ್ ಹಬ್ಬದ ಶಾಲಾ ರಜೆ ಸಾಮಾನ್ಯವಾಗಿ ಮೇ ಕೊನೆ, ಜೂನ್ ಹೊತ್ತಿಗೇ ಬರುತ್ತದೆ. ಆ ವಾರ ಎಲ್ಲ ಕಡೆ ಕ್ಯೂ ಉದ್ದ.

ನಾಯ್‌ಶ್ವಾನ್‌ಸ್ಟೈನ್ ನೋಡಲೇಬೇಕು ಅಂತಿದ್ದರೆ ಕೆಳಗಿನಿಂದ ನೋಡಿ. ಒಳಗೆ ಪ್ರ್ಯಾಮ್ ಬಿಡುವುದಿಲ್ಲ, ಮೆಟ್ಟಿಲು ಜಾಸ್ತಿ. ಫೋಟೋ ತೆಗೆದುಕೊಂಡು ಪಕ್ಕದ ಟೇಗಲ್‌ಬರ್ಗ್ ಬುಡಕ್ಕೆ ಬನ್ನಿ. ಅಲ್ಲಿ ಆಟದ ಜಾಗ ಇದೆ. ಬೇಸಿಗೆಯಲ್ಲೂ ಗುಡ್ಡದಿಂದ ಜಾರುಬಂಡಿಯಲ್ಲಿ ಕೂತು ಇಳಿಯುವ ದಾರಿ ಇದೆ.

ಮ್ಯೂನಿಕ್‌ಗೆ ಒಂದು ರಾತ್ರಿ ಉಳಿಯುವ ಹಾಗೆ ಹೋಗಬಹುದು. ಡಾಯ್ಚಸ್ ಮ್ಯೂಸಿಯಂನಲ್ಲಿ ಮೂರರಿಂದ ಎಂಟು ವರ್ಷದವರಿಗೇ ಅಂತ ಕಿಂಡರ್‌ರೈಶ್ ಅನ್ನುವ ವಿಭಾಗ ಇದೆ. ನಿಜವಾದ ಫೈರ್ ಎಂಜಿನ್ ಹತ್ತಬಹುದು, ಒಳಗೇ ಹೋಗುವಷ್ಟು ದೊಡ್ಡ ಗಿಟಾರ್ ಇದೆ. ಸಂಜೆ ಒಂದು ಬಿಯರ್‌ಗಾರ್ಟನ್‌ಗೆ ಹೋಗಿ, ಅಂದರೆ ಬಯಲಲ್ಲಿ ಮರದ ಕೆಳಗೆ ಕೂತು ತಿಂದು ಕುಡಿಯುವ ಜಾಗ. ಹೆಸರು ಕೇಳಿ ಅತ್ತೆ ಬೇಜಾರಾದರೆ ಇದನ್ನು ಹೇಳಿ: ಬವೇರಿಯದ ಹಳೇ ಪದ್ಧತಿಯ ಬಿಯರ್‌ಗಾರ್ಟನ್‌ಗಳಲ್ಲಿ ನಾವೇ ಹೋಗಿ ತಂದುಕೊಳ್ಳುವ ಭಾಗದಲ್ಲಿ ಮನೆ ಊಟ ಬಿಚ್ಚಿ ತಿನ್ನಬಹುದು. ಕುಡಿಯುವುದನ್ನು ಮಾತ್ರ ಅಲ್ಲೇ ಕೊಳ್ಳಬೇಕು. ಮಕ್ಕಳಿಗೆ ಸೇಬಿನ ರಸಕ್ಕೆ ಸೋಡಾ ಬೆರೆಸಿದ ಆಪ್ಫೆಲ್‌ಶೋರ್ಲೆ ಕೊಡಿಸಿ. ಚೆಸ್ಟ್‌ನಟ್ ಮರದ ಕೆಳಗೆ ನಾವು ಪುಳಿಯೋಗರೆ ತಿಂದಿದ್ದೇವೆ. ಪಕ್ಕದ ಮೇಜಿನ ಅಜ್ಜ ಒಂದು ತುತ್ತು ರುಚಿ ನೋಡಿ ಇನ್ನೊಂದು ತುತ್ತು ಕೇಳಿದರು.

ಊಟದ ವಿಷಯಕ್ಕೇ ಬಂದೆ. ನೀವು ಸಸ್ಯಾಹಾರಿಗಳು ಅಂತ ಬರೆದಿದ್ದೀರಿ, ಅದಕ್ಕೆ ಹೇಳುತ್ತಿದ್ದೇನೆ. ಮಕ್ಕಳಿಗೆ ಎಲ್ಲರೂ ಪ್ರೀತಿಯಿಂದ ಕೊಡುವ ಕರಡಿ ಆಕಾರದ ಜೆಲ್ಲಿಯಲ್ಲಿ ಸಾಮಾನ್ಯವಾಗಿ ಹಂದಿಯ ಜೆಲಟಿನ್ ಇರುತ್ತದೆ. ಪೊಟ್ಟಣದ ಮೇಲೆ ವೀಗನ್ ಅಂತ ಇದ್ದರೆ ಮಾತ್ರ ಕೊಡಿ. ಮಾಂಸದ ಕೌಂಟರಿನಲ್ಲಿ ನಿಂತವರು ಮಗು ಕಂಡರೆ ಒಂದು ಚೂರು ಸಾಸೇಜ್ ಕೈಗಿಡುತ್ತಾರೆ. ಇದು ಇಲ್ಲಿನ ಹಳೇ ರೂಢಿ. ನಗುತ್ತಾ "ನೈನ್, ಡಾಂಕೆ" ಅನ್ನಿ, ಬೇಡ, ಥ್ಯಾಂಕ್ಸ್ ಅಂತ ಅರ್ಥ. ಇಲ್ಲಿನ ನೂಡಲ್ಸ್ ಥರದ ಶ್ಪೆಟ್ಸ್‌ಲೆಯಲ್ಲಿ ಮೊಟ್ಟೆ ಇರುತ್ತದೆ. ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ ಬ್ರೆಡ್ಡು, ಆಲೂ ಫ್ರೈ, ಹಣ್ಣು ಎಲ್ಲ ಕಡೆ ಸಿಗುತ್ತವೆ. ಸೂಪರ್ ಮಾರ್ಕೆಟ್‌ನಲ್ಲಿ ಅಕ್ಕಿ, ಒಳ್ಳೇ ಮೊಸರು ಎರಡೂ ಇವೆ. ದಿನಾ ಬೆಳಿಗ್ಗೆ ಡಬ್ಬಿಗೆ ಮೊಸರನ್ನ ತುಂಬಿಕೊಂಡು ಹೊರಡಿ. ನಲ್ಲಿ ನೀರು ಕುಡಿಯಬಹುದು. ಭಾನುವಾರ, ಹಬ್ಬದ ದಿನ ಅಂಗಡಿ ಮುಚ್ಚಿರುತ್ತವೆ. ಹಾಲು, ಡೈಪರ್ ಶನಿವಾರವೇ ತಂದಿಡಿ. ಹೊರಗಿದ್ದಾಗ ಮಗುವಿನ ಬಟ್ಟೆ ಬದಲಿಸಬೇಕಾದರೆ ಡಿಎಂ ಅಂಗಡಿ ಹುಡುಕಿ. ಡೈಪರ್ ಬದಲಿಸುವ ಮೇಜು ಇರುತ್ತದೆ, ಡೈಪರ್ ಕೂಡ ಅಲ್ಲೇ ಪುಕ್ಕಟೆ ಇಟ್ಟಿರುತ್ತಾರೆ.

ಹೊಲಗಳಲ್ಲಿ ನಾವೇ ಸ್ಟ್ರಾಬೆರಿ ಕಿತ್ತು ತೂಕ ಮಾಡಿಸಿ ಕೊಳ್ಳುವ ಪದ್ಧತಿ ಇದೆ, ನೀವು ಬರುವ ಹೊತ್ತಿಗೆ ಶುರುವಾಗಿರುತ್ತದೆ. ಕೀಳುತ್ತಾ ಬಾಯಿಗೆ ಹಾಕಿಕೊಂಡರೆ ಯಾರೂ ಬೈಯುವುದಿಲ್ಲ. ಬಿಳಿ ಬಟ್ಟೆ ಮಾತ್ರ ಬೇಡ.

ಕೊನೆಗೆ ಒಂದು ದಿನ, ನಿಮಗೋಸ್ಕರ, ಟ್ಯೂಬಿಂಗನ್. ನೆಕ್ಕರ್ ನದಿಯಲ್ಲಿ ಉದ್ದ ಗಳ ಊರಿ ಮರದ ದೋಣಿ ನಡೆಸುತ್ತಾರೆ. ದೋಣಿಯೂ ಬಾತುಕೋಳಿಯೂ ಮಕ್ಕಳಿಗೆ. ನಮಗೆ ಬೇರೆ ಕಾರಣ ಇದೆ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ 1903ರಲ್ಲಿ ತೀರಿಕೊಂಡಿದ್ದು ಇದೇ ಊರಿನಲ್ಲಿ. ದೋಣಿಯಲ್ಲಿ ಕೂತು ಮಕ್ಕಳಿಗೆ ಅವರ ವಿಷಯ ಹೇಳಿದಾಗ ನನ್ನ ದೊಡ್ಡವನು ಕೇಳಿದ, "ಅವರಿಗೆ ಕನ್ನಡ ಯಾರಮ್ಮ ಕಲಿಸಿದ್ದು?" ಆ ಮಾತು ಮನೆ ತಲುಪುವವರೆಗೂ ಮುಗಿಯಲಿಲ್ಲ.

ಮಳೆ ಬಂದರೆ ಮನೆಯಲ್ಲಿ ಕೂರಬೇಡಿ. ಮೇ ಕೊನೆಯಲ್ಲೂ ಚಳಿ, ಮಳೆ ಇರುತ್ತದೆ. ರಬ್ಬರ್ ಬೂಟು, ಎದೆವರೆಗೆ ಬರುವ ಮಳೆ ಪ್ಯಾಂಟು ಹಾಕಿದರೆ ಮಕ್ಕಳು ಕೆಸರಲ್ಲೇ ಆಡುತ್ತಾರೆ. ಹೊಸದು ಕೊಳ್ಳಬೇಡಿ. ಬೂಟಿನ ಅಳತೆ ಹೇಳಿದರೆ ನನ್ನ ಮಕ್ಕಳ ಹಳೇದು ಕೊಡುತ್ತೇನೆ. ತೀರಾ ಜೋರು ಮಳೆಯಾದರೆ ಮೈಲೆಂಡರ್ ಪ್ಲಾಟ್ಸ್‌ನ ದೊಡ್ಡ ಬಿಳಿ ಗ್ರಂಥಾಲಯಕ್ಕೆ ಹೋಗಿ, ಮಕ್ಕಳಿಗೆ ಬೇರೆಯೇ ವಿಭಾಗ ಇದೆ. ಇನ್ನೊಂದು ವಿಷಯ, ಆಗ ಇಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಮಕ್ಕಳು ಮಲಗಲು ಒಪ್ಪುವುದಿಲ್ಲ, ಕಿಟಕಿಗೆ ದಪ್ಪ ಪರದೆ ಇದೆಯಾ ಅಂತ ತಮ್ಮನನ್ನು ಕೇಳಿ.

ತಮ್ಮನ ಮನೆ ಯಾವ ಬಡಾವಣೆಯಲ್ಲಿ ಅಂತ ಬರೆಯಿರಿ. ಕೈಪಂಪು ಇರುವ ಹತ್ತಿರದ ಆಟದ ಜಾಗ ಯಾವುದು ಅಂತ ಹೇಳುತ್ತೇನೆ.