ಚೀಲಕ್ಕೆ ಒಂದು ಕಿಲೋ

ಸಕಲೇಶಪುರ ಕಡೆಯ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದ ಪತ್ರದ ಸಾರ: "ನಾಲ್ಕು ವರ್ಷ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವ, ಆಗಿದ್ದೆ. ಕುಯ್ಲಿನಲ್ಲಿ ಆಳುಗಳ ಹಣ್ಣು ತೂಗುವಾಗ ಚೀಲಕ್ಕೆ ಎರಡು ಕಿಲೋ ಮುರಿಯುತ್ತಿದ್ದೆ. ದಿನಕ್ಕೆ ಸುಮಾರು 40 ಚೀಲ, ವರ್ಷಕ್ಕೆ 60 ದಿನ, ಆಗ ಕಿಲೋಗೆ 4 ರೂಪಾಯಿ. ಮುರಿದದ್ದರಲ್ಲಿ ಚೀಲದ ತೂಕ ಕಳೆದು ಉಳಿದದ್ದನ್ನು ಚೆಕ್‌ರೋಲಿನಲ್ಲಿ (ಆಳುಗಳ ಹಾಜರಿ, ಕೂಲಿಯ ಪುಸ್ತಕದಲ್ಲಿ) ಇಲ್ಲದವರ ಹೆಸರಿಗೆ ಬರೆದು, ಬಟವಾಡೆ ದಿನ ಮೇಸ್ತ್ರಿಯೂ ನಾನೂ ಹಂಚಿಕೊಳ್ಳುತ್ತಿದ್ದೆವು. ಆಳುಗಳಲ್ಲಿ ಅಸ್ಸಾಮಿನವರೇ ಹೆಚ್ಚು. ಈಗ ಎಲ್ಲ ಬಿಟ್ಟು ಎರಡು ವರ್ಷವಾಯಿತು. ಚರ್ಚಿನ ಮೂವರು ಗುರುಗಳ (ಪಾದ್ರಿಗಳ) ಹತ್ತಿರ ಪಾಪನಿವೇದನೆ ಮಾಡಿದೆ. ಜೂನ್‌ನಲ್ಲಿ ಅಸ್ಸಾಮಿಗೇ ಮಿಷನ್ ಸೇವೆಗೆ ಹೊರಟಿದ್ದೇನೆ. ಬದುಕನ್ನೇ ಕೊಡುತ್ತಿರುವಾಗ ಹಳೆಯದನ್ನು ಕೆದಕಬೇಕೇ? ಆದರೂ ಸಮಾಧಾನ ಯಾಕಿಲ್ಲ?"

ಪ್ರಿಯ ಸಹೋದರ,

ನಿಮ್ಮ ಪತ್ರದಲ್ಲಿ ಉಪವಾಸವಿದೆ, ಕಣ್ಣೀರಿದೆ, ಜಪಸರವಿದೆ. ದುಡ್ಡು ವಾಪಸು ಕೊಟ್ಟ ಮಾತು ಮಾತ್ರ ಎಲ್ಲೂ ಇಲ್ಲ. ಸಮಾಧಾನ ಇಲ್ಲದಿರುವುದು ಅದಕ್ಕೇ.

ನಾಲ್ಕನೆಯ ಗುರುಗಳನ್ನು ಹುಡುಕಬೇಡಿ. ಒಮ್ಮೆ ಸರಿಯಾಗಿ ನಿವೇದಿಸಿ ಕ್ಷಮೆ ಪಡೆದ ಪಾಪವನ್ನು ಮತ್ತೆ ಹೇಳಬೇಕಿಲ್ಲ. ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ 1522ರಲ್ಲಿ ಸ್ಪೇನಿನ ಮೊಂಟ್‌ಸೆರಾತ್‌ನಲ್ಲಿ ಮೂರು ದಿನ ಕೂತು ಇಡೀ ಜೀವನದ ಪಾಪ ಬರೆದು ನಿವೇದಿಸಿದರು. ಆಮೇಲೆ ಹತ್ತಿರದ ಮನ್ರೇಸಾ ಊರಿನಲ್ಲಿ ಅದು ಬಿಟ್ಟುಹೋಯಿತೇನೋ, ಇದು ಬಿಟ್ಟುಹೋಯಿತೇನೋ ಎಂದು ತಿಂಗಳುಗಟ್ಟಲೆ ನರಳಿದರು. ಹಳೆಯದನ್ನು ಇನ್ನು ನಿವೇದಿಸುವುದಿಲ್ಲ ಎಂದು ಗಟ್ಟಿಮನಸ್ಸು ಮಾಡಿದ ಮೇಲೆಯೇ ಅದು ನಿಂತದ್ದು. ಆದರೆ ನಿಮ್ಮದು ಆ ಜಾತಿಯ ಅಳುಕಲ್ಲ. ಅಳುಕಿಗೆ ಬಾಕಿ ಬರಬೇಕಾದವರು ಇರುವುದಿಲ್ಲ; ನಿಮಗೆ ಇದ್ದಾರೆ, ಅವರಿಗೆ ಹೆಸರೂ ಇದೆ. 1551ರಲ್ಲಿ ಕಥೋಲಿಕ ಚರ್ಚಿನ ತ್ರೆಂತ್ ಮಹಾಸಭೆ ಪಾಪಕ್ಷಮೆಗೆ ಪಶ್ಚಾತ್ತಾಪ, ನಿವೇದನೆ, ಪರಿಹಾರ ಎಂದು ಮೂರನ್ನೂ ಹೇಳಿತು. ಕಥೋಲಿಕ ಧರ್ಮೋಪದೇಶದ 1459ನೆಯ ಪರಿಚ್ಛೇದ ಕದ್ದದ್ದನ್ನು ಹಿಂದಿರುಗಿಸುವುದನ್ನೇ ಉದಾಹರಣೆಯಾಗಿ ಕೊಡುತ್ತದೆ.

ಲೆಕ್ಕಕ್ಕೆ ಬರೋಣ. ಒಣಗಿದ ಸೆಣಬಿನ ಖಾಲಿ ಚೀಲ ಹೆಚ್ಚೆಂದರೆ ಒಂದು ಕಿಲೋ. ಅಷ್ಟು ಮುರಿದದ್ದು ನ್ಯಾಯ. ಎರಡನೆಯ ಕಿಲೋ ಕಳವು. "ಎಲೆ ಇತ್ತು, ಕಡ್ಡಿ ಇತ್ತು, ಚೀಲ ಒದ್ದೆಯಾಗಿತ್ತು" ಎಂದು ಈಗ ನೆನಪಾಗುತ್ತದೆ. ಎಲೆ ಇದ್ದ ಚೀಲಕ್ಕೂ ಇಲ್ಲದ ಚೀಲಕ್ಕೂ ಒಂದೇ ಎರಡು ಕಿಲೋ ಮುರಿದಿದ್ದೀರಿ, ಆದ್ದರಿಂದ ಆ ನೆಪ ನಿಲ್ಲುವುದಿಲ್ಲ. ಚೀಲಕ್ಕೆ 4 ರೂಪಾಯಿಯಂತೆ ದಿನಕ್ಕೆ 160, ವರ್ಷಕ್ಕೆ 9,600, ನಾಲ್ಕು ವರ್ಷಕ್ಕೆ 38,400. ತಾನಾಗಿ ಒಪ್ಪಿಕೊಂಡವನು ಅಸಲಿನ ಜೊತೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕೆಂದು ಬೈಬಲಿನ ಅರಣ್ಯಕಾಂಡ 5:7 ಹೇಳುತ್ತದೆ. ಅದು 7,680. ಒಟ್ಟು 46,080 ರೂಪಾಯಿ. ಸುವಾರ್ತೆಯ ಸುಂಕದವ ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದರ ನಾಲ್ಕರಷ್ಟು ಕೊಡುತ್ತೇನೆ ಎಂದದ್ದು ನೆನಪಾಗಿ ಗಾಬರಿಯಾಗಬೇಡಿ. ಅದು ಕುರಿ ಕದ್ದು ಕೊಯ್ದವನಿಗೆ ವಿಮೋಚನಕಾಂಡ ವಿಧಿಸಿದ ದಂಡ. ಜಕ್ಕಾಯ ಅದನ್ನು ಯಾರೂ ಕೇಳದೆ ತನ್ನ ಮೇಲೆ ತಾನೇ ಹಾಕಿಕೊಂಡ. ಕೈಲಾದರೆ ನೀವೂ ಹಾಕಿಕೊಳ್ಳಿ, ಬೇಡವೆನ್ನುವುದಿಲ್ಲ. ಐದನೆಯ ಪಾಲು ಮಾತ್ರ ಬಿಡಬೇಡಿ.

"ಅರ್ಧ ಮೇಸ್ತ್ರಿ ತಿಂದನಲ್ಲ" ಎನ್ನುತ್ತೀರಿ. ಸೇರಿ ಕದ್ದವರಲ್ಲಿ ಒಬ್ಬ ಕೊಡದಿದ್ದರೆ ಇನ್ನೊಬ್ಬ ಪೂರ್ತಿ ಕೊಡಬೇಕು ಎಂಬುದು ಸಂತ ಥಾಮಸ್ ಅಕ್ವಿನಾಸರ ಕಾಲದಿಂದ ಬಂದ ನೀತಿ. ಪೆನ್ನು ನಿಮ್ಮ ಕೈಯಲ್ಲಿತ್ತು. ಪೂರ್ತಿ ಕೊಟ್ಟು, ಆಮೇಲೆ ಅವನನ್ನು ಕೇಳಿ. ಅವನು ಈಗಲೂ ಅಲ್ಲೇ ಅದೇ ಆಟ ಆಡುತ್ತಿದ್ದರೆ, ಮತ್ತಾಯ 18:15 ಹೇಳುವಂತೆ ಮೊದಲು ಅವನೊಬ್ಬನೇ ಇರುವಾಗ ಹೇಳಿ.

ಕೊಡುವುದು ಹೇಗೆ? ತಲೆಗಿಷ್ಟು ಎಂದು ಸಮನಾಗಿ ಹಂಚಬೇಡಿ. ಹೆಚ್ಚು ಕುಯ್ದವರೇ ಹೆಚ್ಚು ಕಳೆದುಕೊಂಡದ್ದು. ಚೀಲದ ಲೆಕ್ಕದಲ್ಲೇ ಹೋಗಬೇಕು. ನಿಮ್ಮ ಜೇಬಿನ ಡೈರಿ ಇದ್ದರೆ ಸಾಕು, ಇಲ್ಲದಿದ್ದರೆ ಹಳೆಯ ಚೆಕ್‌ರೋಲ್ ನೋಡಲು ಸಾಹುಕಾರರ ಮುಂದೆ ನಿಲ್ಲಬೇಕಾದೀತು. ಒಟ್ಟು ದುಡ್ಡನ್ನು ಮೇಸ್ತ್ರಿಯ ಕೈಗೆ ಕೊಟ್ಟು "ಹಂಚಿಬಿಡು" ಎನ್ನುವ ತಪ್ಪು ಮಾಡಬೇಡಿ, ಆಳುಗಳು ಇರುವ ಲೈನ್ ಮನೆಯವರೆಗೂ ಅದು ತಲುಪುವುದಿಲ್ಲ. ಹೆಸರು ಹೇಳಿಕೊಳ್ಳಲೇಬೇಕೆಂದಿಲ್ಲ. ಫೋನ್‌ಪೇ ಮಾಡಿದರೆ ಹೆಸರು ಕಾಣುತ್ತದೆ. ಅದು ಬೇಡವಾದರೆ ಗುರುಗಳ ಮೂಲಕ ಕಳಿಸಿ. ನಿವೇದನೆಯ ಗುಟ್ಟು ಅವರ ಬಾಯಿಂದ ಹೊರಬರುವಂತಿಲ್ಲ. ಯಾರಾದರೂ ತೀರಿಕೊಂಡಿದ್ದರೆ ಮನೆಯವರಿಗೆ. ಎಷ್ಟು ಹುಡುಕಿದರೂ ಸಿಗದವರ ಪಾಲನ್ನು ಅವರಂಥ ಬಡವರಿಗೆ. ಚರ್ಚಿನ ಹುಂಡಿಗೆ ಹಾಕಿ ಕೈ ತೊಳೆದುಕೊಳ್ಳುವ ಆಸೆ ಬರುತ್ತದೆ. ಕಳೆದುಕೊಂಡವನೂ ಇಲ್ಲದೆ, ಹತ್ತಿರದ ಬಂಧುವೂ ಇಲ್ಲದಾಗ ಮಾತ್ರ ಅದು ದೇವರ ಪಾಲು ಎನ್ನುತ್ತದೆ ಅರಣ್ಯಕಾಂಡದ ಅದೇ ಅಧ್ಯಾಯದ ಮುಂದಿನ ವಚನ.

"ಬದುಕನ್ನೇ ಕೊಡುತ್ತಿದ್ದೇನೆ" ಎಂಬ ಮಾತು ನಮಗೆ ಅಷ್ಟು ರುಚಿಸಲಿಲ್ಲ. ನಿಮ್ಮ ಬದುಕು ದೇವರಿಗೆ, ಆ 4 ರೂಪಾಯಿ ಕುಯ್ದವಳಿಗೆ. ಒಂದಕ್ಕೆ ಇನ್ನೊಂದು ಜಮೆಯಾಗುವುದಿಲ್ಲ. ಅದೂ ನೀವು ಹೊರಟಿರುವುದು ಅವಳ ಊರಿನ ಕಡೆಗೇ. ದುಡ್ಡು ತೀರುವವರೆಗೆ, ವೇದಿಕೆ ಹತ್ತಿ ದೇವರು ನನ್ನನ್ನು ಬದಲಾಯಿಸಿದ ಎಂದು ಸಾಕ್ಷಿ ಹೇಳುವುದನ್ನೂ ನಿಲ್ಲಿಸಿ. ಹಿಂದಿರುಗಿಸದ ಕಳವನ್ನು ಸಾಕ್ಷಿಯಾಗಿ ಹೇಳಿದರೆ ಜನ ಚಪ್ಪಾಳೆ ತಟ್ಟುತ್ತಾರೆ, ಪಾಪದಿಂದ ಎರಡನೆಯ ಸಲ ಲಾಭವಾಗುತ್ತದೆ.

ಮಿಷನ್ ಕೇಂದ್ರ ಎಂದರೆ ಬರೀ ಬೋಧನೆಯಲ್ಲ. ಬೋರ್ಡಿಂಗ್ ಮಕ್ಕಳ ಅಕ್ಕಿ, ಔಷಧಿ, ಬಸ್ ಚಾರ್ಜಿನ ವೋಚರು, ಕಟ್ಟಡದ ಕೂಲಿ. ಲೆಕ್ಕ ಬರುವವನು ಸಿಕ್ಕಿದ ಎಂದು ಮೊದಲ ವಾರವೇ ಪುಸ್ತಕ ನಿಮ್ಮ ಕೈಗೆ ಬರುತ್ತದೆ. ಹಳೆಯ ಚಟ ಹಳೆಯ ವೇಷದಲ್ಲಿ ಬರುವುದಿಲ್ಲ. "ಬಿಲ್ ಕಳೆದುಹೋಗಿದೆ, ಅಂದಾಜಿನಲ್ಲಿ ಬರೆದುಬಿಡೋಣ, ಹೇಗೂ ಮಕ್ಕಳಿಗೇ ತಾನೇ" ಎಂದು ಬರುತ್ತದೆ. ಅಲ್ಲಿಯ ಹಿರಿಯರಿಗೆ ಪಾಪದ ವಿವರ ಹೇಳಬೇಕಿಲ್ಲ. "ನಗದು ನನ್ನೊಬ್ಬನ ಕೈಲಿ ಇಡಬೇಡಿ, ಅಕ್ಕಿ ತೂಗುವಾಗ ಇನ್ನೊಬ್ಬರು ಮುಳ್ಳು ನೋಡಲಿ" ಎಂದು ಮೊದಲ ದಿನವೇ ಹೇಳಿ.

ನಿಮ್ಮ ಮಟ್ಟಿಗೆ ಇಗ್ನೇಷಿಯಸರದೇ ಒಂದು ಅಭ್ಯಾಸವಿದೆ. ಅಂಗೈಯಗಲದ ಪುಸ್ತಕದಲ್ಲಿ ದಿನಕ್ಕೆ ಎರಡು ಗೆರೆ ಎಳೆಯಿರಿ. ಒಂದು ಎದ್ದಾಗಿನಿಂದ ಮಧ್ಯಾಹ್ನದ ಊಟದವರೆಗೆ, ಇನ್ನೊಂದು ಅಲ್ಲಿಂದ ರಾತ್ರಿಯವರೆಗೆ. ಒಂದೇ ಒಂದು ತಪ್ಪನ್ನು ಹಿಡಿಯಿರಿ, ನಿಮಗೆ ಅಂಕಿಯ ಸುಳ್ಳು. ಬೆಳಿಗ್ಗೆ ಎದ್ದೊಡನೆ ಅದನ್ನು ನೆನೆದು ನಿರ್ಧಾರ. ಜಾರಿದಾಗ ಯಾರಿಗೂ ಕಾಣದಂತೆ ಎದೆಯ ಮೇಲೆ ಕೈ. ಮಧ್ಯಾಹ್ನದ ಊಟದ ಮೇಲೆ, ರಾತ್ರಿ ಊಟದ ಮೇಲೆ, ಜಾರಿದಷ್ಟು ಚುಕ್ಕೆ. ಎರಡನೆಯ ಗೆರೆಯನ್ನು ಮೊದಲನೆಯದಕ್ಕೆ, ಇವತ್ತನ್ನು ನಿನ್ನೆಗೆ, ಈ ವಾರವನ್ನು ಹೋದ ವಾರಕ್ಕೆ ಹೋಲಿಸಿ. ಕೋಪ, ಸೋಮಾರಿತನ, ಕುಡಿತ ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋದವರ ಪುಸ್ತಕ ಹತ್ತು ದಿನಕ್ಕೆ ಕೊನೆಯಾಗುತ್ತದೆ. ಚುಕ್ಕೆಯೇ ಇಲ್ಲದ ವಾರ ಬಂದರೆ ಹಿಗ್ಗುವ ಮೊದಲು ವೋಚರುಗಳನ್ನು ಮತ್ತೊಮ್ಮೆ ನೋಡಿ.

ಜೂನ್ ಒಳಗೆ 46,080 ಹೊಂದಿಸಲಾಗದಿದ್ದರೆ ಕೈಯಲ್ಲಿದ್ದಷ್ಟು ಈಗ ಕೊಟ್ಟು, ಉಳಿದದ್ದಕ್ಕೆ ತಿಂಗಳ ಕಂತು ಬರೆದಿಡಿ. ಅಲ್ಲಿ ಸಂಬಳವಿಲ್ಲದ ಸೇವೆಯಾದರೆ ಕಂತು ಎಲ್ಲಿಂದ ಬರಬೇಕು? ಹಾಗಿದ್ದರೆ ಪ್ರಯಾಣ ಮುಂದೂಡಿ, ಇಲ್ಲೇ ದುಡಿದು ತೀರಿಸಿ ಹೋಗಿ. ರೈಲಿನ ಟಿಕೆಟ್ ರದ್ದು ಮಾಡಿದರೆ ಸ್ವಲ್ಪ ದುಡ್ಡು ಹೋಗುತ್ತದೆ. ಅದು ನಿಮ್ಮ ಖರ್ಚು, 46,080ರಲ್ಲಿ ಮುರಿಯಬೇಡಿ.

— ಸಂ.